ಬೆಣ್ಣೆ ಸಾಲದಾದಾಗ

‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.’ ಮಗಳಿಗೂ ಸೊಸೆಗೂ ಭೇದ ಮಾಡುವ ಅತ್ತೆಯನ್ನು, ಒಂದು ಜಿಲ್ಲೆಗೆ ಕೊಟ್ಟು ಇನ್ನೊಂದಕ್ಕೆ ಕೈಯೆತ್ತುವ ಸರ್ಕಾರವನ್ನು ನಾವು ಈ ಗಾದೆಯಿಂದಲೇ ಬೈಯುತ್ತೇವೆ. ಎರಡು ಕಣ್ಣಿಗೂ ಸಾಲುವಷ್ಟು ಬೆಣ್ಣೆ ಇದ್ದೇ ಇದೆ ಎಂಬುದು ಗಾದೆಯ ನಂಬಿಕೆ. ನಿಜವಾಗಿ ಸಾಲದೇ ಹೋದಾಗ ಏನು ಮಾಡಬೇಕೆಂದು ಅದು ಹೇಳುವುದಿಲ್ಲ.

ಅಮೆರಿಕದ ಸಿಯಾಟಲ್ ನಗರಕ್ಕೆ ಆ ಪರಿಸ್ಥಿತಿ ಬಂತು. ಅಲ್ಲಿಯವರೆಗೆ, ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡುವ ಡಯಾಲಿಸಿಸ್‌ಗೆ ಪ್ರತಿಸಲ ಹೊಸದಾಗಿ ರಕ್ತನಾಳ ಕೊಯ್ಯಬೇಕಿತ್ತು. ಕೆಲವು ಸಲಕ್ಕೇ ನಾಳಗಳು ಮುಗಿಯುತ್ತಿದ್ದವು. 1960ರಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಮುಂಗೈಯಲ್ಲಿ ಟೆಫ್ಲಾನ್ ಕೊಳವೆಗಳನ್ನು ಕೂರಿಸಿ ಬಿಡುವ ಉಪಾಯ ಕಂಡುಕೊಂಡರು. ಸಾಯಲಿದ್ದವರು ವರ್ಷಗಟ್ಟಲೆ ಬದುಕುವಂತಾಯಿತು. ಆದರೆ 1962ರಲ್ಲಿ ತೆರೆದ ಕೇಂದ್ರದಲ್ಲಿ ಹಾಸಿಗೆಗಳು ಬೆರಳೆಣಿಕೆಯಷ್ಟು. ವೈದ್ಯರು ಆರಿಸಿದ ಮೇಲೂ ಉಳಿದವರಲ್ಲಿ ಯಾರಿಗೆ ಯಂತ್ರ ಎಂದು ತೀರ್ಮಾನಿಸಲು ಏಳು ಜನರ ಸಮಿತಿ ಕೂತಿತು. ಪಾದ್ರಿ, ವಕೀಲ, ಗೃಹಿಣಿ, ಕಾರ್ಮಿಕ ಮುಖಂಡ ಎಲ್ಲರೂ ಇದ್ದರು.

ವಯಸ್ಸು, ಮಕ್ಕಳು, ಸಂಬಳ, ಓದು, ಚರ್ಚಿಗೆ ಹೋಗುವ ರೂಢಿ, ಎಲ್ಲವನ್ನೂ ಅವರು ತೂಗಿದರು. ಅದೇ ವರ್ಷ ‘ಲೈಫ್’ ಪತ್ರಿಕೆ ವರದಿ ಮಾಡಿದ ಒಂದು ಚರ್ಚೆ ಮನಸ್ಸಿನಿಂದ ಹೋಗುವುದಿಲ್ಲ. ಇಬ್ಬರು ರೋಗಿಗಳು ಸಂಸಾರಕ್ಕೆಂದು ನಾಲ್ಕು ಕಾಸು ಕೂಡಿಟ್ಟಿದ್ದರು. ಇವರು ಸತ್ತರೂ ಹೆಂಡತಿ ಮಕ್ಕಳು ಬೀದಿಗೆ ಬೀಳುವುದಿಲ್ಲ ಎಂಬ ಮಾತು ಬಂತು. ಹಾಗಾದರೆ ಉಳಿತಾಯ ಮಾಡಿದ್ದಕ್ಕೇ ಶಿಕ್ಷೆಯೇ ಎಂದು ಮತ್ತೊಬ್ಬರು ತಡೆದರು. ಸಮಿತಿಯವರು ಕೆಟ್ಟವರಲ್ಲ, ಸಂಬಳವಿಲ್ಲದೆ, ಸಂಕಟಪಟ್ಟೇ ಕೂತವರು.

ಯಂತ್ರ ಸಿಗದವನಿಗೆ ಇಲ್ಲ ಎನ್ನುವುದು ಸುಣ್ಣವಲ್ಲ, ಅದು ದುಃಖ. ನಿನ್ನ ಬದುಕಿಗೆ ಬೆಲೆ ಕಡಿಮೆ ಎನ್ನುವುದು ಸುಣ್ಣ. ಮೂತ್ರಪಿಂಡದ ರೋಗಕ್ಕೂ ಚರ್ಚಿಗೂ ಏನು ಸಂಬಂಧ? ಚಿಕಿತ್ಸೆಯಿಂದ ಬದುಕುವ ಸಾಧ್ಯತೆ ನೋಡಲಿ. ಅದು ಸಮವಾಗಿದ್ದರೆ ಚೀಟಿ ಎತ್ತಲಿ.

1972ರಲ್ಲಿ ಅಮೆರಿಕದ ಸಂಸತ್ತು ಹೆಚ್ಚುಕಡಿಮೆ ಎಲ್ಲ ಡಯಾಲಿಸಿಸ್ ರೋಗಿಗಳ ವೆಚ್ಚವನ್ನೂ ಹೊರಲು ಒಪ್ಪಿದಾಗ ಇಂಥ ಸಮಿತಿಗಳಿಗೇ ಕೆಲಸವಿಲ್ಲವಾಯಿತು. ಹತ್ತು ವರ್ಷ ಬೆಣ್ಣೆ ಸಾಲದಿದ್ದುದು ವಿಧಿಯಲ್ಲ, ಯಾರೋ ದುಡ್ಡು ಬಿಚ್ಚದಿದ್ದುದು.

ದಾನವಾಗಿ ಬರುವ ಮೂತ್ರಪಿಂಡ ಮಾತ್ರ ದುಡ್ಡಿಗೆ ಹೆಚ್ಚುವುದಿಲ್ಲ. ಕರ್ನಾಟಕದಲ್ಲಿ ದಾನದ ಅಂಗಗಳನ್ನು ಹಂಚುವ ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿ ರಕ್ತದ ಗುಂಪು, ಕಾದ ಕಾಲ ನೋಡುತ್ತದೆ, ಜಾತಿ, ಸಂಬಳ ಕೇಳುವುದಿಲ್ಲ. ಆದರೆ ಹೆಸರು ಬರೆಸಲು ಕಸಿ ಮಾಡುವ ಆಸ್ಪತ್ರೆಗೇ ಹೋಗಬೇಕು, ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿವೆ. ದೂರದ ಜಿಲ್ಲೆಯ ಕೂಲಿಯವನು ಕೂಲಿ ಬಿಟ್ಟು, ಬಸ್ಸು ಹತ್ತಿ, ಪರೀಕ್ಷೆಗಳಿಗೆ ಸಾಲ ಮಾಡಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಪಟ್ಟಿಯಲ್ಲಿ ಅವನ ಮುಂದೆ ಎಷ್ಟು ಜನ ಸೇರಿಬಿಟ್ಟಿರುತ್ತಾರೆ!