ಖರ್ಚಿಲ್ಲದ ದಿನಗಳು

(ಡಿಸೆಂಬರ್ 15ರ ಮುಂಜಾನೆ. ಹೈದರಾಬಾದಿನ ಕಾಚಿಗುಡದ ಒಂದು ಇರಾನಿ ಹೋಟೆಲು. ಕಾಕಾ ಬೀದರ್ ಕಡೆಯಿಂದ ಬಂದು ಇಲ್ಲೇ ನೆಲೆಸಿದ ನಿವೃತ್ತ ಮಾಸ್ತರರು. ಸುಧಾ ಅವರ ಅಣ್ಣನ ಮಗಳು. ಹೈಟೆಕ್ ಸಿಟಿಯ ಕಂಪನಿಯೊಂದರ ಪ್ರಚಾರ ವಿಭಾಗದಲ್ಲಿ ಕೆಲಸ.)

ಕಾಕಾ: ಬಂದಾಗಿಂದ ಲ್ಯಾಪ್‌ಟಾಪ್‌ನಾಗ ಮುಖ ಇಟ್ಟು ಕುಂತೀದಿ. ಚಹಾ ಆರ್ಲತ್ತದ ನೋಡು.

ಸುಧಾ: ಚಹಾದ್ದೇ ಕೆಲಸ, ಕಾಕಾ. ಇವತ್ತು ಅಂತರರಾಷ್ಟ್ರೀಯ ಚಹಾ ದಿನ. ಹತ್ತು ಗಂಟೆ ಒಳಗ ಕಂಪನಿ ಪೇಜಿಗೆ ಒಂದು ಪೋಸ್ಟ್ ಹೋಗಬೇಕು. ಡಿಸೆಂಬರ್ ಬಂತಂದ್ರ ನಮಗ ಪುರಸೊತ್ತೇ ಇಲ್ಲ. 1ಕ್ಕ ಏಡ್ಸ್ ದಿನ, 2ಕ್ಕ ಮಾಲಿನ್ಯ ನಿಯಂತ್ರಣ, 3ಕ್ಕ ಅಂಗವಿಕಲರ ದಿನ, 4ಕ್ಕ ನೌಕಾಪಡೆ. ಅವತ್ತೇ ಅಮೆರಿಕಾದವರ ಕುಕ್ಕಿ ದಿನಾನೂ ಅದ. 5ಕ್ಕ ಮಣ್ಣು, 7ಕ್ಕ ಧ್ವಜ, 10ಕ್ಕ ಮಾನವ ಹಕ್ಕು, 11ಕ್ಕ ಪರ್ವತ, 14ಕ್ಕ ಇಂಧನ ಉಳಿತಾಯ. ಮುಂದ 21ಕ್ಕ ಧ್ಯಾನ, ಸೀರಿ ಎರಡೂ. 22ಕ್ಕ ಗಣಿತ, 23ಕ್ಕ ರೈತ, 24ಕ್ಕ ಗ್ರಾಹಕ. 29ಕ್ಕ ಕುವೆಂಪು ಹುಟ್ಟಿದ ದಿನ. ಅದು ಕರ್ನಾಟಕದ ಪಟ್ಟಿ, ನಮ್ಮ ಕಂಪನಿದಲ್ಲ.

ಕಾಕಾ: ಪಂಚಾಂಗಕ್ಕಿಂತ ದಪ್ಪ ಆಯ್ತಲ್ಲ! ಪಂಚಾಂಗದಾಗ ಏಕಾದಶಿ ದಿನ ಉಣಬ್ಯಾಡ ಅಂತಾದ್ರೂ ಇರ್ತದ. ನಿನ್ನ ಪಟ್ಟಿಯೊಳಗ ಏನು ಮಾಡಬೇಕಂತ ಬರದದ?

ಸುಧಾ: ಒಂದು ಚಿತ್ರ, ಎರಡು ಸಾಲು, ಮೂರು ಹ್ಯಾಷ್‌ಟ್ಯಾಗ್.

ಕಾಕಾ: ಈ ಚಹಾ ದಿನ ಯಾರು ಹಚ್ಚಿದ್ದು? ಚಹಾ ಕಂಪನಿಯವರೇನು?

ಸುಧಾ: ಅಲ್ರಿ. ಚಹಾ ತೋಟದ ಕೂಲಿಕಾರರ ಸಂಘಟನೆಗಳು. 2005ರಾಗ ದಿಲ್ಲಿಯೊಳಗ ಮೊದಲ ಸಲ ಆಚರಿಸಿದ್ರು. ಚಹಾದ ವ್ಯಾಪಾರ ಜಗತ್ತಿನ ತುಂಬ ಬೆಳೀತದ, ಎಲಿ ಕೀಳೋರ ಕೂಲಿ, ಸಣ್ಣ ಬೆಳೆಗಾರರಿಗೆ ಸಿಗೋ ದರ ಮಾತ್ರ ಅಲ್ಲೇ ನಿಂತಾವ ಅನ್ನೋದು ಅವರ ತಕರಾರು. ಶ್ರೀಲಂಕಾ, ಕೀನ್ಯಾದಂಥ ದೇಶಗಳಿಗೂ ಹಬ್ಬಿತು. 2015ರಾಗ ನಮ್ಮ ಸರ್ಕಾರಾನೇ ಇದನ್ನ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮುಂದ ಇಟ್ಟಿತು. 2019ರಾಗ ವಿಶ್ವಸಂಸ್ಥೆ ಒಪ್ಪಿತು. ಆದ್ರ ತಾರೀಖು ಮೇ 21 ಆಯ್ತು, ಬಹಳ ದೇಶದಾಗ ಎಲಿ ಕೊಯ್ಲು ಆ ತಿಂಗಳಿಗೆ ಶುರು ಆಗ್ತದಂತ.

ಕಾಕಾ: ಕೂಲಿಕಾರರ ದಿನ ಹೋಗಿ ಬೆಳಿಯ ದಿನ ಆಯ್ತು ಅನ್ನು. ನಿನ್ನ ಪೋಸ್ಟ್‌ನಾಗ ಕೂಲಿಕಾರ ಅದಾನೇನು?

ಸುಧಾ: ಹಬೆ ಏಳೋ ಗ್ಲಾಸು, ಹಿಂದ ಚಾರ್ಮಿನಾರ್. ಕೆಳಗ 'ನಿಮ್ಮ ಇಷ್ಟದ ಚಹಾ ಯಾವುದು, ಕಾಮೆಂಟ್ ಮಾಡಿ' ಅಂತ. ಮೇ 21ಕ್ಕೂ ಇದೇ ಚಿತ್ರ, ಬಣ್ಣ ಬ್ಯಾರೆ.

ಕಾಕಾ: ಇದಕ್ಕ ದಿನ ಅಂತೀಯೇನು? ನನ್ನ ಕೇಳಿದ್ರ, ನಿನ್ನಿಂದ ಏನೂ ಕೇಳದ ದಿನ ದಿನಾನೇ ಅಲ್ಲ. ಎಳ್ಳ ಅಮಾಸಿ ನೋಡು, ಅದೂ ಇದೇ ಹೊತ್ತಿನಾಗ ಬರ್ತದ. ಇಡೀ ಮನಿ ಎದ್ದು ಹೊಲಕ್ಕ ಹೋಗಬೇಕು. ಹೊಲದಾಗ ಜ್ವಾಳದ ದಂಟಿನ ಕೊಂಪಿ ಹಾಕಿ, ಪೂಜಿ ಮಾಡಿ, ಬೆಳಿಯೊಳಗ ತಿರುಗಿ ಅಡಗಿಯ ಚರಗ ಚೆಲ್ಲಬೇಕು. ದಾರ್ಯಾಗ ಸಿಕ್ಕವರನ್ನೆಲ್ಲ ಕರದು ಉಣ್ಣಿಸಬೇಕು. ನಿಮ್ಮ 5ನೇ ತಾರೀಖಿನ ವಿಶ್ವ ಮಣ್ಣಿನ ದಿನ ಹೇಳೋದನ್ನೇ ನಮ್ಮ ಜನ ಎರಿ ಹೊಲದಾಗ ನಿಂತು ಮಾಡ್ಯಾರ. ಅವರಿಗೆ ಯಾವ ಪೋಸ್ಟರೂ ಬೇಕಾಗಲಿಲ್ಲ.

ಸುಧಾ: ಕೇಳ್ತದ, ಖರೆ. ಯಾರಿಂದ ಕೇಳ್ತದ? ಅವತ್ತು ಉಣ್ಣಿಸೋ ಬಜ್ಜಿ ಪಲ್ಯ ಮಾಡೋದು ಹ್ಯಾಂಗಂತ ನೀವು ನೋಡೀರೇನು? ಹಸಿ ಕಡ್ಲಿ, ತೊಗರಿ, ಅವರಿ, ಬಟಾಣಿ ಎಲ್ಲಾ ಹಿಂದಿನ ರಾತ್ರಿ ಸುಲಿದಿಡಬೇಕು. ಮೆಂತೆ ಸೊಪ್ಪು ಸೋಸಬೇಕು, ಬದನಿಕಾಯಿ, ಗಜ್ಜರಿ ಹೆಚ್ಚಬೇಕು. ಹುಣಸಿ ಹಿಂಡಿ, ಕಡ್ಲಿ ಹಿಟ್ಟು ಕಲಸಿ, ತಳ ಹತ್ತದಂಗ ತಿರುವುತಾ ನಿಲ್ಲಬೇಕು. ಅಷ್ಟೊತ್ತಿಗೆ ಸಜ್ಜಿ ರೊಟ್ಟಿ ಬಡಿಯೋದು, ಅಂಬಲಿ ಕಾಸೋದು. ಅಮ್ಮ, ಕಾಕು ಬೆಳಗಿನ ಜಾವ ಮೂರಕ್ಕ ಏಳ್ತಿದ್ರು. ನೀವು ಹೊಲಕ್ಕ ಬಂದು ಗಿಡದ ನೆರಳಿಗೆ ಕುಂತು 'ಬಜ್ಜಿಗೆ ಉಪ್ಪು ಒಂದೀಟು ಕಮ್ಮಿ' ಅಂತಿದ್ರಿ.

ಕಾಕಾ: (ನಕ್ಕು) ಅಂತಿದ್ದೆ. ಅದಕ್ಕೇನು ಮಾಡಲಿ?

ಸುಧಾ: ಏನೂ ಮಾಡಬ್ಯಾಡ್ರಿ. ದಿನ ಏನರೆ ಕೇಳಿದ್ರ ಸಾಲದು, ಯಾರನ್ನ ಕೇಳ್ತದ ಅನ್ನೋದನ್ನೂ ನೋಡ್ರಿ ಅಂದೆ, ಅಷ್ಟೇ. ಇನ್ನೊಂದು ಮಾತು. ಹೊಲ ಇದ್ದವರಿಗೆ ಎಳ್ಳ ಅಮಾಸಿ. ಹೊಲ ಇಲ್ಲದವರು ಕರದ್ರ ಹೋಗಬೇಕು. ಮಣ್ಣಿನ ದಿನ ಹಾಂಗಲ್ಲ, ಅದಕ್ಕ ಪಹಣಿ ಬೇಕಾಗಿಲ್ಲ.

ಕಾಕಾ: ಸರಿ, ಕೇಳೋದನ್ನ ಬಿಡು. ದಿನ ಅಂದ್ರ ನೆನಪು ಅನ್ನೋಣು. ಆಗಬಾರದ್ದು ಆಗಿರ್ತದ, ಅದನ್ನ ಮರೀಬಾರದಂತ ತಾರೀಖಿಗೆ ಕಟ್ಟಿ ಹಾಕ್ತಾರ. ಡಿಸೆಂಬರ್ 2 ಹಾಂಗೇ ಅಲ್ಲೇನು? 1984ರಾಗ 2 ಮತ್ತು 3ರ ನಡುವಿನ ರಾತ್ರಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನಿಯಿಂದ ವಿಷಾನಿಲ ಹೊರಗ ಬಂತು. ಮಲಗಿದ್ದ ಸಾವಿರಾರು ಮಂದಿ ಸತ್ತರು.

ಸುಧಾ: ಅದೇ ತಾರೀಖು, ಖರೆ. ಆದ್ರ ದಿನದ ಹೆಸರು ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನ. ಹೆಸರಿನಾಗ ಭೋಪಾಲ ಇಲ್ಲ, ಕಾರ್ಖಾನಿ ಇಲ್ಲ. ನಮಗ ಬರೋ ಸಿದ್ಧ ಚಿತ್ರದಾಗ ಒಂದು ಹಸಿರು ಎಲಿ, ಒಂದು ಸೈಕಲ್. 'ಗಿಡ ನೆಡಿರಿ, ಪ್ಲಾಸ್ಟಿಕ್ ಬಿಡ್ರಿ'.

ಕಾಕಾ: ಕಾರ್ಖಾನಿ ಮಾಡಿದ ಅಪರಾಧಕ್ಕ ಓದುಗ ಗಿಡ ನೆಡಬೇಕು! 1989ರಾಗ 47 ಕೋಟಿ ಡಾಲರಿಗೆ ರಾಜಿ ಮಾಡಿ ಕಂಪನಿ ಕೈ ತೊಳಕೊಂಡಿತು. ಕಾರ್ಖಾನಿ ಆವರಣದಾಗ ಬಿದ್ದಿದ್ದ 337 ಟನ್ ವಿಷದ ಕಸ ಅಲ್ಲಿಂದ ಪೀಥಮಪುರಕ್ಕ ಹೊಂಟಿದ್ದು 2025ರ ಜನವರಿಗೆ, 40 ವರ್ಷ ಕಳೆದ ಮ್ಯಾಲ.

ಸುಧಾ: ದೂರ ಯಾಕ್ರಿ? ನಮ್ಮ ಪಟಾಂಚೆರು ನೋಡ್ರಿ. ಔಷಧ, ರಾಸಾಯನಿಕ ಕಾರ್ಖಾನಿಗಳ ನೀರು ನಕ್ಕವಾಗು ಹಳ್ಳಕ್ಕ ಹರಿದು ಹೊಲ, ಬಾವಿ ಕೆಟ್ಟವಂತ ಹಳ್ಳಿಯವರು ಕೋರ್ಟಿನ ತನಕ ಹೋಗಬೇಕಾಯ್ತು. ಅದೇ ಪಟಾಂಚೆರುವಿನಾಗ 1972ರಿಂದ ಇಕ್ರಿಸ್ಯಾಟ್ ಅದ, ಒಣ ಬೇಸಾಯದ ಬೆಳಿಗಳ ಸಂಶೋಧನಾ ಸಂಸ್ಥೆ. ನಮ್ಮ ಜ್ವಾಳ, ತೊಗರಿ, ಕಡ್ಲಿ ಮ್ಯಾಲ ಅಲ್ಲೇ ಕೆಲಸ ನಡೀತದ. ಒಂದೇ ಊರಿಗೆ 2ನೇ ತಾರೀಖೂ ಸೇರ್ತದ, 5ನೇ ತಾರೀಖೂ ಸೇರ್ತದ. ನನ್ನ ಪಟ್ಟಿಯೊಳಗ ಅವೆರಡೂ ಒಂದಕ್ಕೊಂದು ಪರಿಚಯ ಇಲ್ಲದ ದಿನಗಳು.

ಕಾಕಾ: ಪಟ್ಟಿಯೊಳಗ ಇಲ್ಲದ್ದು ಯಾವುದು, ಅದನ್ನ ಹೇಳು. 6ಕ್ಕ ಏನದ?

ಸುಧಾ: ಅಲ್ಲಿ 'ಬೇಡ' ಅಂತ ಬರದಾರ. 9ಕ್ಕ ಭ್ರಷ್ಟಾಚಾರ ವಿರೋಧಿ ದಿನ ಅದ, ಆ ದಿನದ ಉಳಿದದ್ದಕ್ಕ 'ಬೇಡ'.

ಕಾಕಾ: ಹೈದರಾಬಾದಿನಾಗ ಕುಂತು 6 ಬ್ಯಾಡ ಅಂತಾರ! 1956ರ ಡಿಸೆಂಬರ್ 6ಕ್ಕ ಬಾಬಾಸಾಹೇಬ ಅಂಬೇಡ್ಕರರು ತೀರಿಕೊಂಡ್ರು. ಹುಸೇನ್ ಸಾಗರದ ಬಾಜೂ ಅವರ 125 ಅಡಿ ಮೂರ್ತಿ ನಿಂತದ, ಅವತ್ತು ಜನ ಹೂವಿನ ಹಾರ ಹಿಡ್ಕೊಂಡು ಬರ್ತಾರ. 1992ರ ಅದೇ ತಾರೀಖಿಗೆ ಬಾಬ್ರಿ ಮಸೀದಿ ಬಿತ್ತು. ಅವತ್ತು ಚಾರ್ಮಿನಾರ್ ಸುತ್ತ ಪೊಲೀಸ್ ಬಂದೋಬಸ್ತ್. ಒಂದೇ ದಿನ, ಊರಿನ ಎರಡು ಭಾಗಕ್ಕ ಎರಡು ಅರ್ಥ. 9 ಅಂತೂ ಬಿಡು. 2009ರ ಆ ರಾತ್ರಿ ಆಗಿನ ಕೇಂದ್ರ ಗೃಹಮಂತ್ರಿ ಚಿದಂಬರಂ ಪ್ರತ್ಯೇಕ ತೆಲಂಗಾಣ ರಾಜ್ಯದ ಘೋಷಣೆ ಮಾಡಿದಾಗ ಈ ಓಣಿಯೊಳಗ ಪಟಾಕಿ ಹಾರಿದ್ದು ನಾ ನೋಡೀನಿ. ಈಗ ಆ ದಿನಕ್ಕೂ ಪಾಲುದಾರರು ಭಾಳ. ಕೆಸಿಆರ್ ಉಪವಾಸದಿಂದ ಬಂತಂತ ಒಬ್ಬರು, ಸೋನಿಯಾ ಕೊಟ್ಟರಂತ ಇನ್ನೊಬ್ಬರು. 2024ರಾಗ ಅದೇ 9ಕ್ಕ ಸಚಿವಾಲಯದಾಗ ಹೊಸ ತೆಲಂಗಾಣ ತಲ್ಲಿ, ಅಂದ್ರ ತೆಲಂಗಾಣ ತಾಯಿಯ ಮೂರ್ತಿ ಎದ್ದಿತು. ಕೈಯಾಗ ಬತುಕಮ್ಮ ಹಬ್ಬದ ಹೂವಿನ ಗೋಪುರ ಯಾಕಿಲ್ಲಂತ ಅದಕ್ಕೂ ಜಗಳ.

ಸುಧಾ: ಜಗಳ ಇದ್ದ ದಿನಾನೇ ಜೀವಂತ ದಿನ ಅಂತೀರೇನು?

ಕಾಕಾ: ಜಗಳ ಒಳ್ಳೇದು ಅನ್ಲಿಲ್ಲ. ಜಗಳ ಯಾಕ ಬರ್ತದ, ಅದನ್ನ ನೋಡು. ಆ ದಿನ ಖರೇನೇ ನಡಸಿದ್ರ ಯಾರಿಗೋ ಏನೋ ಕಳಕೊಳ್ಳೋದು ಬರ್ತದ. ಚಹಾ ದಿನ ಕೂಲಿಕಾರರು ಹೇಳಿದಂಗ ಆಚರಿಸಿದ್ರ ತೋಟದ ಮಾಲೀಕ ಕೂಲಿ ಹೆಚ್ಚು ಮಾಡಬೇಕು, ನೀನೂ ನಾನೂ ಈ ಗ್ಲಾಸಿಗೆ ನಾಕು ರೂಪಾಯಿ ಹೆಚ್ಚು ಕೊಡಬೇಕು. ಭೋಪಾಲದ ದಿನ ಹೆಸರಿಟ್ಟು ಆಚರಿಸಿದ್ರ ಕಾರ್ಖಾನಿಯವರು ಹಳ್ಳ ತೊಳೀಬೇಕು. ಯಾರಿಗೂ ಖರ್ಚು ಬೀಳದಂಗ ದಿನ ತಿದ್ದಿದ್ರ ಮಾತ್ರ ಅದು ನಿನ್ನ ಪಟ್ಟಿಯೊಳಗ ಬರ್ತದ. ನಿನ್ನ 'ಬೇಡ' ಅನ್ನೋ ಕಾಲಮ್ಮು ಖರ್ಚಿನ ಅಂಜಿಕೀಲೆ ಹುಟ್ಟಿದ್ದು.

ಸುಧಾ: ಈ ಮಾತು ಒಪ್ತೀನಿ. ಆದ್ರ ಪಟ್ಟಿಯನ್ನ ಪೂರಾ ಬಯ್ಯಬ್ಯಾಡ್ರಿ. 3ನೇ ತಾರೀಖಿನದು ಹೇಳ್ತೀನಿ. ವಿಶ್ವಸಂಸ್ಥೆ 1992ರಾಗ ಘೋಷಿಸಿದ ದಿನ ಅದು. ನಾನು ಮೊದಲಿದ್ದ ಕಂಪನಿಯೊಳಗ ಅವತ್ತು ಗಾಲಿ ಕುರ್ಚಿಯ ಸಹೋದ್ಯೋಗಿಗೆ ಸನ್ಮಾನ ಇಟ್ಟಿದ್ರು. ವೇದಿಕೆಗೆ ಮೂರು ಮೆಟ್ಟಿಲು. ನಾಕು ಮಂದಿ ಕುರ್ಚಿ ಸಮೇತ ಅವನನ್ನ ಎತ್ತಿ ಮ್ಯಾಲ ಇಟ್ರು, ಎಲ್ಲರೂ ಚಪ್ಪಾಳೆ ಹೊಡದ್ರು. ಅವ ಶಾಲು ಹೊದ್ದುಕೊಂಡು ಮೈಕ್ ತಗೊಂಡು ಒಂದೇ ಮಾತು ಹೇಳಿದ: 'ಹಾರದ ರೊಕ್ಕದಾಗ ಇಳಿಜಾರಿನ ಹಲಗಿ ಬರ್ತಿತ್ತು.' ಮುಂದಿನ ತಿಂಗಳು ಹಲಗಿ ಬಂತು. ಅವ ಅದನ್ನ ಎರಡು ವರ್ಷದಿಂದ ಕೇಳ್ಲತ್ತಿದ್ದ. ಬ್ಯಾರೆ ದಿನ ಕೇಳಿದ್ರ ಅದು ತಕರಾರು, ಅವತ್ತು ಕೇಳಿದ್ದಕ್ಕ ಯಾರಿಗೂ ಇಲ್ಲ ಅನ್ನಲಿಕ್ಕ ಆಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕೇ ಅದು. ಆದ್ರೂ ಹಕ್ಕು ಕೇಳಲಿಕ್ಕ ಒಂದು ನೆಪ ಬೇಕಿತ್ತು.

ಕಾಕಾ: ಇದು ಖರೆ. ಹಬ್ಬದಾಗ ಹುಟ್ಟಿದವರಿಗೆ ಹಬ್ಬ ಅದ. ಇಂಥವರಿಗೆ ಕುಲ, ಊರು, ದೇವರು ಯಾವುದೂ ದಿನ ಇಟ್ಟಿರಲಿಲ್ಲ.

ಸುಧಾ: ಅದಕ್ಕೇ ಕ್ಯಾಲೆಂಡರಿನ ದಿನ ಬೇಕು. ಅಪರಿಚಿತರು ಅಪರಿಚಿತರನ್ನ ಕೇಳೋ ದಿನ ಅದು. 24 ನೋಡ್ರಿ. 1986ರ ಡಿಸೆಂಬರ್ 24ಕ್ಕ ಗ್ರಾಹಕ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಬಿಲ್ ಕೇಳಿ ತಗೊಂಡು, ಮೋಸ ಆದ್ರ ಗ್ರಾಹಕರ ಆಯೋಗಕ್ಕ ಹೋದ್ರ ಅಂಗಡಿಯವನಿಗೆ ಖರ್ಚು ಅದ. ನಿಮ್ಮ ಲೆಕ್ಕದಾಗ ಇದು ಪಾಸು.

ಕಾಕಾ: 7ನೇ ತಾರೀಖಿನ ಧ್ವಜ ದಿನಾನೂ ಪಾಸು. 1949ರಿಂದ ನಡದದ. ಸಾಲ್ಯಾಗ ಡಬ್ಬಿ ಹಿಡಿದು, ಮಕ್ಕಳ ಅಂಗಿಗೆ ಸಣ್ಣ ಧ್ವಜ ಚುಚ್ಚಿ, ಮಾಜಿ ಸೈನಿಕರ ನಿಧಿಗೆ ಚಿಲ್ಲರೆ ಕೂಡಿಸ್ತಿದ್ವಿ. ಡಬ್ಬಿ ತೆಗೆದ್ರ ಆ ದಿನದಾಗ ಉಳಿಯೋದು ಬರೇ ಚಿತ್ರ.

ಸುಧಾ: ಆದ್ರ ಕಾಕಾ, ನಿಮ್ಮ ಲೆಕ್ಕದಾಗ ಖುಷಿಗೆ ಜಾಗಾನೇ ಇಲ್ಲ. ಎಲ್ಲಾ ದಿನಾನೂ ಬಾಕಿ ವಸೂಲಿ ಮಾಡಬೇಕಂದ್ರ ಹ್ಯಾಂಗ? 22ಕ್ಕ ರಾಮಾನುಜನ್ ಹುಟ್ಟಿದ ದಿನ, ಮಕ್ಕಳು ಲೆಕ್ಕದ ಆಟ ಆಡ್ತಾರ. 25ಕ್ಕ ಬೇಕರಿ ಮುಂದ ಪ್ಲಮ್ ಕೇಕಿಗೆ ಪಾಳಿ ಹಚ್ತಾರ. ಅದರಾಗ ಯಾರಿಗೆ ಏನು ಖರ್ಚು?

ಕಾಕಾ: ಖುಷಿಯ ದಿನದ ಖರ್ಚು ಆಚರಿಸೋರ ಮ್ಯಾಲೇ ಬೀಳ್ತದ, ಅದನ್ನ ಅವರು ಸಂತೋಷದಿಂದ ಹೊರ್ತಾರ. ಮೆದಕ್‌ನ ದೊಡ್ಡ ಚರ್ಚು ನೋಡೀಯಲ್ಲ? ಬರಗಾಲದಾಗ ಜನ ಉಪವಾಸ ಬಿದ್ದಾಗ ಚಾರ್ಲ್ಸ್ ಪೋಸ್ನೆಟ್ ಅನ್ನೋ ಪಾದ್ರಿ ಅವರಿಗೆ ಕಟ್ಟಡದ ಕೆಲಸ ಕೊಟ್ಟು ಹೊಟ್ಟಿಗೆ ದಾರಿ ಮಾಡಿದ. 1914ಕ್ಕ ಶುರು ಆಗಿ, 1924ರ ಡಿಸೆಂಬರ್ 25ಕ್ಕ ಪ್ರತಿಷ್ಠಾಪನೆ ಆಯ್ತು. ಈಗ ಕ್ರಿಸ್‌ಮಸ್ ದಿನ ಅಲ್ಲಿ ಎಲ್ಲಾ ಜಾತಿಯವರೂ ಜಾತ್ರಿಯಂಗ ಸೇರ್ತಾರ. ಆ ಖುಷಿಯ ಕೆಳಗ ಹತ್ತು ವರ್ಷದ ಕೂಲಿ ಅದ. ಎಳ್ಳ ಅಮಾಸಿ ಬಜ್ಜಿಯ ಕೆಳಗ ನಿಮ್ಮ ಅಮ್ಮನ ನಿದ್ದಿ ಇದ್ದಂಗ.

ಸುಧಾ: ಅಂದ್ರ ಎರಡು ಥರದ ದಿನ ಆದವು. ಹಬ್ಬದ ಖರ್ಚು ನಮ್ಮದು. ಹಕ್ಕಿನ ದಿನದ ಖರ್ಚು ಬಾಕಿ ಉಳಿಸಿಕೊಂಡವರದು.

ಕಾಕಾ: ಹೌದು. ಹಬ್ಬದ ಖರ್ಚನ್ನ ಒಬ್ಬಳ ತಲಿಗೇ ಕಟ್ಟಬಾರದು ಅನ್ನೋ ನಿನ್ನ ಮಾತೂ ಸೇರಿಸು. ಯಾರೂ ಕಿಸೆಗೆ ಕೈ ಹಾಕದ, ಯಾರೂ ನಿದ್ದಿ ಕೆಡದ ದಿನ ಆಚರಣೆ ಅಲ್ಲ, ಜಾಹೀರಾತು.

ಸುಧಾ: ಹತ್ತಕ್ಕ ಪೋಸ್ಟ್ ಹೋಗಲೇಬೇಕು, ಕಾಕಾ. ಏನು ಬರೀಲಿ?

ಕಾಕಾ: ಈ ದಿನ ತೋಟದ ಕೂಲಿಕಾರರು ಹಚ್ಚಿದ್ದು, 2005ರಾಗ, ಕೂಲಿಗಾಗಿ ಅಂತ ಬರಿ. ನಿಮ್ಮ ಆಫೀಸಿನ ಕ್ಯಾಂಟೀನಿಗೆ ಬರೋ ಚಹಾಪುಡಿ ಯಾವ ತೋಟದ್ದು, ಅಲ್ಲಿ ದಿನಗೂಲಿ ಎಷ್ಟು ಅಂತ ಕೇಳಿ ತಿಳ್ಕೊಂಡು ಅದನ್ನೂ ಹಾಕು.

ಸುಧಾ: ಮ್ಯಾಲಿನವರು 'ಬೇಡ' ಕಾಲಮ್ಮಿಗೆ ಹಾಕ್ತಾರ.

ಕಾಕಾ: ಹಾಕಲಿ. ಆಗ ಚಾರ್ಮಿನಾರ್ ಚಿತ್ರ ಹಾಕಬ್ಯಾಡ, ಇವತ್ತು ಸುಮ್ಮನಿರು. ಪಟ್ಟಿಯೊಳಗ ಹೊಸ ಕಾಲಮ್ ಒಂದು ಮಾಡು: 'ಇವತ್ತಿನ ಖರ್ಚು ಯಾರದು?' ಅಂತ. ಅದು ಖಾಲಿ ಇದ್ದ ದಿನ ಪೋಸ್ಟ್ ಬ್ಯಾಡ.

ಸುಧಾ: ಮುಂದಿನ ವರ್ಷದ 3ನೇ ತಾರೀಖಿಗೆ ಅಲ್ಲಿ ಏನು ಬರೀಲಿ? ಈಗಿನ ಆಫೀಸಿನಾಗ ಶೌಚಾಲಯದ ಬಾಗಿಲದಾಗ ಗಾಲಿ ಕುರ್ಚಿ ಹಿಡಿಯೋದಿಲ್ಲ.

ಕಾಕಾ: ಬಾಗಿಲು ಅಗಲ ಮಾಡೋ ಖರ್ಚು ಕಂಪನಿದು ಅಂತ ಬರಿ. ಬಾಗಿಲು ಮೊದಲು ಆಗಲಿ, ಪೋಸ್ಟ್ ಆಮ್ಯಾಲ.