ಬತ್ತಿಯೂ ವರ್ತಕನ ವಿವೇಕವೂ

ನರಸಿಂಹರಾಜಪುರದ ಶ್ರೀ ಜ್ವಾಲಾಮಾಲಿನೀ ಅತಿಶಯ ಕ್ಷೇತ್ರದಲ್ಲಾಗಲಿ, ಶೃಂಗೇರಿಯ ಪೇಟೆಯ ನಡುವಣ ಪಾರ್ಶ್ವನಾಥ ಬಸದಿಯಲ್ಲಾಗಲಿ, ದೀಪ ಬೆಳಗಲು ಬೇಕಾದುದು ಸ್ವಲ್ಪ ಹತ್ತಿ, ಸ್ವಲ್ಪ ಎಣ್ಣೆ. ಹತ್ತಿಯ ಎಳೆಗಳ ನಡುವಿನ ಸೂಕ್ಷ್ಮವಾದ ಸಂದುಗಳು ಎಣ್ಣೆಯನ್ನು ತಾವಾಗಿಯೇ ಮೇಲಕ್ಕೆಳೆದುಕೊಳ್ಳುತ್ತವೆ. ಅಗ್ನಿಯು ಅದನ್ನು ಬೆಳಕಾಗಿ ಮಾರ್ಪಡಿಸುತ್ತದೆ. ಹತ್ತಿಯ ಇದೇ ಗುಣವನ್ನು ಈಗ ಇನ್ನೊಂದು ಕಾರ್ಯಕ್ಕೂ ಬಳಸಿಕೊಳ್ಳಲಾಗುತ್ತಿದೆ.

ಇ-ಸಿಗರೇಟುಗಳಲ್ಲಿ ಬಳಸುವವನೇ ಬಿಚ್ಚಿ ಕಟ್ಟಿಕೊಳ್ಳುವ ಒಂದು ಬಗೆಯುಂಟು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಕ್ಯಾಂಥಾಲ್ ತಂತಿಯನ್ನೋ, ನಿಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್ ತಂತಿಯನ್ನೋ ಸಣ್ಣ ಕಡ್ಡಿಗೆ ಐದಾರು ಸುತ್ತು ಸುತ್ತಿ, ಆ ಸುರುಳಿಯೊಳಗೆ ಹತ್ತಿಯ ಬತ್ತಿಯನ್ನು ತೂರಿಸುತ್ತಾರೆ. ಹತ್ತಿಯ ಬದಲು ಸಿಲಿಕಾ ಹುರಿ, ಉಕ್ಕಿನ ಜಾಲರಿ, ರೇಯಾನ್ ಇವುಗಳನ್ನು ಬಳಸುವವರೂ ಉಂಟು. ಬತ್ತಿಯು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹಾಗೂ ಸಾಮಾನ್ಯವಾಗಿ ನಿಕೋಟಿನ್ ಕೂಡಿದ ದ್ರವವನ್ನು ಹೀರುತ್ತದೆ. ವಿದ್ಯುತ್ತಿನಿಂದ ಕಾದ ಸುರುಳಿ ಅದನ್ನು ಆವಿಯಾಗಿಸುತ್ತದೆ. ಬತ್ತಿ ಬಿಗಿಯಾದರೆ ದ್ರವವೇರದೆ ಹತ್ತಿ ಕರಟುತ್ತದೆ. ಸಡಿಲವಾದರೆ ದ್ರವ ಸೋರುತ್ತದೆ. ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡಿನಂತಹ ವಿಷವಸ್ತುಗಳು ಹುಟ್ಟುತ್ತವೆ. ಆದುದರಿಂದ ಇದನ್ನು ಕಟ್ಟುವವರು ತಂತಿ ಹತ್ತಿಗಳ ಆಯ್ಕೆಯಲ್ಲಿ ಅಪಾರ ಎಚ್ಚರ ವಹಿಸುತ್ತಾರೆ. ಎಚ್ಚರವು ಸದ್ಗುಣವೇ, ಆದರೆ ಅದು ಯಾವುದಕ್ಕಾಗಿ ಎಂಬುದೇ ವಿಚಾರಣೀಯ.

ಕರ್ನಾಟಕದಲ್ಲಿ ಇ-ಸಿಗರೇಟು 2016ರಲ್ಲಿಯೇ ನಿಷಿದ್ಧವಾಯಿತು. 2019ರ ಕೇಂದ್ರ ಕಾಯಿದೆಯು ಇಡೀ ದೇಶದಲ್ಲಿ ಅದರ ಉತ್ಪಾದನೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿತು. ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆದರೆ ಒಲೆಯ ತಂತಿಗಾಗಲಿ, ಔಷಧದ ಅಂಗಡಿಯ ಹತ್ತಿಗಾಗಲಿ ನಿಷೇಧವಿಲ್ಲ. ಕೊಪ್ಪದ ಪೇಟೆಯ ಒಬ್ಬ ಶ್ರಾವಕ ವರ್ತಕನನ್ನು ಊಹಿಸಿಕೊಳ್ಳೋಣ. ಪರಿಚಿತರ ಮಗನೊಬ್ಬನು ಬೆಂಗಳೂರಿನಿಂದ ರಜೆಗೆ ಬಂದವನು ಉದ್ದೇಶವನ್ನು ಮರೆಮಾಚದೆ ನೈಕ್ರೋಮ್ ತಂತಿಯನ್ನು ಕೇಳುತ್ತಾನೆ. ಕೊಟ್ಟರೆ ದೋಷವೇ?

ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದು. ಕೇಡಿನ ಉಪಕರಣವನ್ನು ಕೊಡುವವನೂ ಕೇಡಿನಲ್ಲಿ ಪಾಲುಗಾರನೆಂಬುದು ಅದರ ತಾತ್ಪರ್ಯ. ತಂತಿ ಸ್ವತಃ ಕೇಡಿನ ವಸ್ತುವಲ್ಲ. ತಿಳಿಯದೆ ಮಾರಿದವನು ನಿರ್ದೋಷಿ. ಉದ್ದೇಶವನ್ನು ತಿಳಿದು ಮಾರಿದವನಿಗೆ ಆ ರಕ್ಷಣೆಯಿಲ್ಲ. ಕೃತ, ಕಾರಿತ, ಅನುಮೋದಿತಗಳೆಂಬ ವಿಭಾಗವನ್ನು ಒಪ್ಪಿದವನು, ನಾನು ಸೇದಲಿಲ್ಲ, ಮಾರಿದೆ ಅಷ್ಟೆ ಎನ್ನಲಾರನು. ಇನ್ನು ಸಿದ್ಧ ಉಪಕರಣವನ್ನೇ ಗುಟ್ಟಾಗಿ ತರಿಸಿ ಮಾರುವುದಂತೂ ವಿರುದ್ಧರಾಜ್ಯಾತಿಕ್ರಮ. ತತ್ತ್ವಾರ್ಥಸೂತ್ರವು ಅದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಬೀಡಿಯಲ್ಲಿ ಹೊಗೆಸೊಪ್ಪು ಉರಿಯುತ್ತದೆ, ಟಾರ್ ಹುಟ್ಟುತ್ತದೆ, ಇಲ್ಲಿ ಅದಿಲ್ಲ. ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಸಂಸ್ಥೆಯೇ 2015ರಲ್ಲಿ ಇದನ್ನು ಸಿಗರೇಟಿಗಿಂತ ಬಹಳ ಕಡಿಮೆ ಹಾನಿಯದೆಂದು ಹೇಳಿತು. ಹೆಚ್ಚಿನ ಹಿಂಸೆಯಿಂದ ಅಲ್ಪ ಹಿಂಸೆಗೆ ಇಳಿಯುವುದು ಅಣುವ್ರತದ ಮಾರ್ಗವೇ ಅಲ್ಲವೆ? ಈ ವಾದದಲ್ಲಿ ಸತ್ಯಾಂಶವಿದೆ, ತಳ್ಳಿಹಾಕಲಾಗದು. ಆದರೆ ಇಳಿಯುವವನಿಗೆ ಮಾತ್ರ ಅದು ಮೆಟ್ಟಿಲು. ಎಂದೂ ಸೇದದ ಹದಿನೆಂಟರ ಹುಡುಗನು ಹಣ್ಣಿನ ಪರಿಮಳಕ್ಕೆ ಮರುಳಾಗಿ ಆ ಮೆಟ್ಟಿಲನ್ನು ಹತ್ತುತ್ತಾನೆ, ಇಳಿಯುವುದಿಲ್ಲ. ನಿಜವಾಗಿ ಬಿಡಬಯಸುವವನಿಗೆ ನಿಕೋಟಿನ್ ಗಮ್ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಯ ಚಿಕಿತ್ಸೆಯಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿನ. ಆ ಹುಡುಗನಿಗೆ ತಂತಿಯನ್ನು ನಿರಾಕರಿಸಿದ ವರ್ತಕನ ಪಕ್ಕದ ಗಾಜಿನ ಭರಣಿಯ ಹಿಂದೆ ಸಿಗರೇಟಿನ ಪೊಟ್ಟಣಗಳಿದ್ದರೆ? ಅವುಗಳ ಮಾರಾಟ ಕಾನೂನಿಗೆ ವಿರುದ್ಧವಲ್ಲ. ಹುಡುಗನು ನಕ್ಕು ಹೊರಟುಹೋಗುವನು. ಆ ನಗೆಗೆ ವರ್ತಕನಲ್ಲಿ ಉತ್ತರವಿಲ್ಲ. ಕಾನೂನು ಹಾಕುವುದು ಬೇಲಿಯನ್ನು. ವ್ರತವು ಬೇಲಿಯೊಳಗಿನ ವ್ಯವಸಾಯ. ಬೇಲಿಯೊಳಗಿರುವುದೆಲ್ಲ ಬೆಳೆಯಲ್ಲ, ಕಳೆಯೂ ಇರುತ್ತದೆ. ಕೀಳಬೇಕಾದವನು ಒಡೆಯನೇ.

ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಬಾಡಿಗೆಗೆ ಕೊಟ್ಟ ಮಳಿಗೆಗಳಿದ್ದಲ್ಲಿ ಅಲ್ಲಿ ಏನು ಮಾರಾಟವಾಗುತ್ತಿದೆಯೆಂದು ಟ್ರಸ್ಟಿಗಳು ವಿಚಾರಿಸಬೇಕು. ಕರಾರಿನ ನವೀಕರಣದ ವೇಳೆ ಹೊಗೆಸೊಪ್ಪಿನ ಪದಾರ್ಥಗಳನ್ನು ಮಾರಕೂಡದೆಂಬ ಷರತ್ತನ್ನು ಸೇರಿಸಬೇಕು. ಬಾಡಿಗೆ ಸ್ವಲ್ಪ ಇಳಿದೀತು. ಲೆಕ್ಕದ ಪುಸ್ತಕದಲ್ಲಿ ಅದು ನಷ್ಟ. ಆದರೆ ನಂದಾದೀಪದ ಎಣ್ಣೆ ಯಾವ ಹಣದಿಂದ ಬಂದಿತೆಂಬುದು ಲೆಕ್ಕದ ಪುಸ್ತಕಕ್ಕಿಂತ ಹಿರಿಯ ಪ್ರಶ್ನೆ. ಹತ್ತಿಗೆ ಆಯ್ಕೆಯಿಲ್ಲ, ಅದ್ದಿದುದನ್ನು ಹೀರುತ್ತದೆ. ಯಾವುದರಲ್ಲಿ ಅದ್ದಬೇಕೆಂಬ ಆಯ್ಕೆ ಮನುಷ್ಯನದು. ಅದಕ್ಕೇ ವಿವೇಕವೆಂದು ಹೆಸರು.