ಅರಿವಿಗೆ ಅಧಿಕಾರಿ ಯಾರು?

ವಿದ್ಯೆಯನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಲಾಗದು ಎಂಬ ವಿಚಾರವು ನಮ್ಮ ದೇಶದಲ್ಲಿ ವಿದ್ಯೆಯಷ್ಟೇ ಪುರಾತನವಾದುದು. ವೇದಾಂತಶಾಸ್ತ್ರವು ವಿಷಯಕ್ಕೆ ಕೈಹಾಕುವ ಮುನ್ನವೇ ಅಧಿಕಾರಿಯನ್ನು ನಿರ್ಣಯಿಸುತ್ತದೆ. ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಈ ನಾಲ್ಕೂ ಉಳ್ಳವನೇ ಶ್ರವಣಕ್ಕೆ ಅರ್ಹನೆನ್ನುತ್ತದೆ. ಇಷ್ಟರಲ್ಲಿ ಅನ್ಯಾಯವೇನೂ ಇಲ್ಲ. ಅಂಕಗಣಿತವರಿಯದವನಿಗೆ ಕಲನಶಾಸ್ತ್ರವನ್ನು ಹೇಳಹೊರಟರೆ ಗುರುಶಿಷ್ಯರಿಬ್ಬರ ಕಾಲವೂ ವ್ಯರ್ಥವಾಗತಕ್ಕದ್ದೇ. ಆದರೆ ಸಿದ್ಧತೆಯನ್ನು ಕುರಿತ ಈ ನಿಯಮವು ಜನ್ಮವನ್ನು ಕುರಿತ ನಿಯಮವಾಗಿ ಪರಿಣಮಿಸಿದಾಗ, ತೆರೆಯಲೆಂದೇ ಇದ್ದ ಬಾಗಿಲು ಮುಚ್ಚಲೆಂದೇ ಇರುವುದಾಯಿತು.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆಯನ್ನು ನಾವೆಲ್ಲ ಮೆಚ್ಚುತ್ತೇವೆ. ತನ್ನ ಗೋತ್ರವಾವುದೆಂಬುದು ಹೆತ್ತ ತಾಯಿಗೂ ತಿಳಿಯದೆಂಬ ಸಂಗತಿಯನ್ನು ಗುರುವಿನ ಮುಂದೆ ಮರೆಮಾಚದೆ ನುಡಿದ ಬಾಲಕನನ್ನು, ಅವನ ಸತ್ಯವೊಂದನ್ನೇ ಕಂಡು ಗೌತಮನು ಶಿಷ್ಯನನ್ನಾಗಿ ಅಂಗೀಕರಿಸಿದನೆಂದು ಹೃದಯ ತುಂಬಿ ಹೇಳಿಕೊಳ್ಳುತ್ತೇವೆ. ಆದರೆ ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಇದೇ ಕಥೆ ಶೂದ್ರನಿಗೆ ವೇದವಿದ್ಯೆಯ ಅಧಿಕಾರವಿಲ್ಲವೆಂಬುದಕ್ಕೆ ಪ್ರಮಾಣವಾಗಿ ನಿಂತಿದೆ. ಸತ್ಯವನ್ನಾಡಿದ ಕಾರಣ ಹುಡುಗನು ಶೂದ್ರನಲ್ಲವೆಂದು ನಿಶ್ಚಯವಾದ ಬಳಿಕವೇ ಗುರುವು ಉಪನಯನಕ್ಕೆ ಒಪ್ಪಿದನೆಂಬುದು ಅಲ್ಲಿಯ ವಾದ. ಭಾಷ್ಯಕಾರರ ಮೇಧಾಶಕ್ತಿಗೆ ತಲೆಬಾಗುವ ನನಗೆ ಈ ಒಂದು ಎಡೆಯಲ್ಲಿ ಮನಸ್ಸು ಒಪ್ಪುವುದಿಲ್ಲ. ಹುಡುಗನ ಸತ್ಯವನ್ನು ಅವನ ಕುಲದ ಲೆಕ್ಕಕ್ಕೆ ಜಮಾ ಮಾಡುವುದು ಹುಡುಗನಿಗೂ ಸತ್ಯಕ್ಕೂ ಮಾಡಿದ ಅಪಚಾರ.

ಈ ಪ್ರಶ್ನೆಯನ್ನು ಗ್ರಂಥದಲ್ಲಿ ಚರ್ಚಿಸದೆ ಬದುಕಿನಲ್ಲಿಯೇ ಇತ್ಯರ್ಥಗೊಳಿಸಿದವರೊಬ್ಬರು ನಮ್ಮ ನಾಡಿನಲ್ಲಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು, ಓದು ಮುಂದುವರಿಸಬೇಕೆಂಬ ಹಂಬಲದಿಂದ 1935ರಲ್ಲಿ, ಬಸ್ಸಿನ ಕಾಸಿಗೂ ಗತಿಯಿಲ್ಲದೆ, ಸುಮಾರು 50 ಮೈಲಿಗಳ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ ಬೆಂಗಳೂರನ್ನು ಸೇರಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆಯನ್ನು ಕಂಡು, ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜಗಳ ಭೌತವಿಜ್ಞಾನವನ್ನು ಕುರಿತು ಡಾಕ್ಟರೇಟ್ ಗಳಿಸಿ, ಅನಂತರ ಅವರು ಹಿಂದಿರುಗಿದುದು ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ, ಅದರ ವಿದ್ಯಾರ್ಥಿನಿಲಯದ ಒಂದು ಕೊಠಡಿಗೆ. ಕೊನೆಯವರೆಗೂ ಅದೇ ಅವರ ಮನೆಯಾಗಿದ್ದಿತು. ಖಾದಿಯುಟ್ಟು, ಅವಿವಾಹಿತರಾಗಿ ಉಳಿದು, ಗಳಿಸಿದುದನ್ನು ತನ್ನದೆನ್ನದೆ ನಡೆದ ಆ ಬದುಕನ್ನು ನೆನೆಯುವಾಗ ನನಗೆ ಹೀಗನ್ನಿಸುತ್ತದೆ: ಶಾಸ್ತ್ರವು ಶಿಷ್ಯನಲ್ಲಿ ಹುಡುಕಿದ ವಿವೇಕವೈರಾಗ್ಯಗಳನ್ನು ನಾವು ಮೊದಲು ಗುರುವಿನಲ್ಲಿ ಹುಡುಕಬೇಕಾಗಿದ್ದಿತು. ಕಲಿಯಬಂದ ಮಗುವಿಗೆ ಕುತೂಹಲವೊಂದಿದ್ದರೆ ಅಧಿಕಾರ ಪೂರ್ಣವಾಯಿತು. ಕಲಿಸಹೊರಟವನಿಗೇ ಅಧಿಕಾರಪರೀಕ್ಷೆ ನಡೆಯತಕ್ಕದ್ದು.

1962ರಲ್ಲಿ ಅವರ ಮುಂದಾಳುತನದಲ್ಲಿ ಸ್ಥಾಪಿತವಾದ ಬೆಂಗಳೂರು ಸೈನ್ಸ್ ಫೋರಂ, ವಾರವಾರವೂ ವಿಜ್ಞಾನಿಗಳನ್ನು ಕರೆತಂದು, ಶುಲ್ಕವಿಲ್ಲದೆ, ಪರಿಚಯಪತ್ರ ಬೇಡದೆ, ಯಾರು ಬಂದರೂ ಕುಳಿತು ಕೇಳಬಹುದಾದ ಉಪನ್ಯಾಸಗಳನ್ನು ನಡೆಸಿತು. ಊರ ಕಡೆಯ ಮಕ್ಕಳು ತಮ್ಮಂತೆ ಕಾಲು ನೋಯಿಸಿಕೊಂಡು ರಾಜಧಾನಿಗೆ ಬರಬೇಕಾಗದಿರಲೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ತಲೆಯೆತ್ತುವಂತೆ ಶ್ರಮಿಸಿದರು.

ಇಂಥವರನ್ನು ಧರ್ಮದ್ವೇಷಿಯೆಂದವರೂ ಉಂಟು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಅವರು ಸಮಿತಿಯೊಂದನ್ನು ರಚಿಸಿದುದು ಅನೇಕ ಆಸ್ತಿಕರನ್ನು ನೋಯಿಸಿತು. ಆ ನೋವನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಅದೇ ಛಾಂದೋಗ್ಯದ ಉದ್ದಾಲಕ ಆರುಣಿಯನ್ನು ನೆನೆಯಿರಿ ಎಂದು ಆ ಆಸ್ತಿಕರನ್ನು ಬೇಡುತ್ತೇನೆ. ಮಗ ಶ್ವೇತಕೇತುವಿಗೆ ಪರತತ್ತ್ವವನ್ನು ಬೋಧಿಸಬೇಕಾಗಿ ಬಂದಾಗ ಆ ತಂದೆ ಮಾಡಿದ್ದೇನು? ಉಪ್ಪನ್ನು ನೀರಿಗೆ ಹಾಕಿ ಬೆಳಗ್ಗೆ ಬಾ ಎಂದನು. ಬಂದವನಿಗೆ ಆ ಉಪ್ಪನ್ನು ತೆಗೆದುಕೊಡೆಂದನು. ಕೈಗೆ ಸಿಕ್ಕದಾಗ, ನೀರನ್ನು ಒಂದು ಕಡೆಯಿಂದ, ನಡುವಿನಿಂದ, ಇನ್ನೊಂದು ಕಡೆಯಿಂದ ಗುಟುಕರಿಸಿ ರುಚಿ ಹೇಳೆಂದನು. ತನ್ನ ಮಾತನ್ನು ನಂಬೆನ್ನದೆ, ನಾಲಗೆಯನ್ನೇ ಸಾಕ್ಷಿಗೆ ಕರೆದನು. ಪವಾಡವನ್ನು ಮಾಡಬಲ್ಲವನು ಒಬ್ಬನೇ, ಮಿಕ್ಕವರು ಕೈಮುಗಿದು ನೋಡತಕ್ಕವರು. ಉಪ್ಪುನೀರಾದರೋ ಶ್ವೇತಕೇತುವಿನ ನಾಲಗೆಗೆ ಎಷ್ಟು ಉಪ್ಪೋ ದನಕಾಯುವ ಹುಡುಗನ ನಾಲಗೆಗೂ ಅಷ್ಟೇ ಉಪ್ಪು. ಪ್ರಯೋಗವೆಂಬುದರ ಧಾರ್ಮಿಕ ಮಹತ್ತ್ವವನ್ನು ನಾನು ಕಾಣುವುದು ಇಲ್ಲಿಯೇ: ಅದು ಅಧಿಕಾರಭೇದವನ್ನು ವಾದದಿಂದ ಖಂಡಿಸದೆ, ಅದಕ್ಕೆ ಎಡೆಯೇ ಇಲ್ಲದಂತೆ ಮಾಡುತ್ತದೆ.

ಅದೇ ಗೌರಿಬಿದನೂರಿನ ಬಯಲಿನಲ್ಲಿ 1976ರಿಂದ ರೇಡಿಯೋ ದೂರದರ್ಶಕವೊಂದು ನೆಲೆಗೊಂಡಿದೆ. ಒಂದು ಸಾವಿರ ಆಂಟೆನಾಗಳು ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ಸಾಲುಗಟ್ಟಿ, ಕಣ್ಣಿಗೆ ಕಾಣದ ಅಲೆಗಳನ್ನು ಅಂತರಿಕ್ಷದಿಂದ ಹಿಡಿಯುವಂತೆ ರಚಿತವಾದುದು ಅದು. ಆಸುಪಾಸಿನ ಹೊಲದಲ್ಲಿ ಕಡಲೆಕಾಯಿ ಬಿಡಿಸುವ ಮಗುವಿಗೆ ಆ ತಂತಿಗಳು ಏನನ್ನು ಆಲಿಸುತ್ತವೆ ಎಂಬುದು ತಿಳಿಯದೆ ಹೋದರೆ, ಆಕಾಶವೂ ಪರರ ಸೊತ್ತಾದಂತೆ.

ನಮ್ಮ ಗ್ರಾಮಾಂತರ ಪ್ರೌಢಶಾಲೆಗಳಲ್ಲಿ ನಾನು ಕಂಡುದನ್ನು ಹೇಳಿ ಮುಗಿಸುತ್ತೇನೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಬೀರು, ಅದರೊಳಗೆ ಪ್ರನಾಳಗಳು, ಮಸೂರಗಳು, ಒಂದು ಸೂಕ್ಷ್ಮದರ್ಶಕ, ಹೊರಗೆ ಬೀಗ. ಒಡೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದೀತೆಂಬ ಭಯವೇ ಆ ಬೀಗಕ್ಕೆ ಕಾರಣವೆಂಬುದನ್ನು ಬಲ್ಲೆ, ಅಧ್ಯಾಪಕರನ್ನು ದೂರಲಾರೆ. ಒಮ್ಮೆ ಮಾತ್ರ ಆ ಬೀಗ ತೆರೆದು, ಈರುಳ್ಳಿಯ ತೆಳುಪೊರೆಯ ಮೇಲೆ ಅಯೋಡಿನ್ನಿನ ಒಂದು ತೊಟ್ಟು ಬಿಟ್ಟು ಮಸೂರದಡಿಯಲ್ಲಿಟ್ಟಾಗ, ಇಟ್ಟಿಗೆ ಜೋಡಿಸಿದಂತೆ ಕಂಡ ಕೋಶಗಳನ್ನು ನೋಡಿದ ಹುಡುಗಿಯೊಬ್ಬಳು ತಲೆಯೆತ್ತದೆಯೇ, “ಇದು ನಮ್ಮನೆ ಈರುಳ್ಳಿಯಲ್ಲೂ ಇರುತ್ತಾ ಸಾರ್?” ಎಂದು ಕೇಳಿದಳು. ವಿಜ್ಞಾನ ಓದಿ ಊರು ಬಿಟ್ಟು ಬಂದಿರುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೇ: ವರ್ಷಕ್ಕೆ ಕೆಲವು ದಿನವಾದರೂ ನಿಮ್ಮ ಊರಿನ ಶಾಲೆಗೆ ಹೋಗಿರಿ, ಒಡೆಯುವ ಗಾಜಿನ ಬೆಲೆಯನ್ನು ನಾವೇ ಕಟ್ಟಿಕೊಡುವೆವೆಂದು ಹೇಳಿ ಆ ಬೀರುವಿನ ಬೀಗವನ್ನು ತೆಗೆಸಿರಿ.